ನಿನಗೂ ಹೀಗೇ ಆಗಿತ್ತಾ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಬಸ್ಸು ಹತ್ತಿದರೆ ನಿನ್ನ ಮನೆ ಮುಂದೆಯೇ ಇಳಿಯಬಹುದಾದವಳು ಕಾಗದ ಬರೆಯುತ್ತಿದ್ದಾಳೆ ಅಂದರೆ ನಿನಗೆ ಗಾಬರಿಯಾಗುತ್ತದೆ. ಗಾಬರಿ ಬೇಡ, ಮೈಗೆ ಏನೂ ಆಗಿಲ್ಲ. ಫೋನಿನಲ್ಲಿ ಹೇಳಲು ನೋಡಿದೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನೀನು ಊಟ ಆಯ್ತಾ ಅನ್ನುತ್ತೀಯ, ನಾನು ಆಯ್ತು ಅನ್ನುತ್ತೇನೆ, ಮಾತು ಅಲ್ಲಿಗೆ ಮುಗಿದುಹೋಗುತ್ತದೆ. ಕಾಗದ ಓದುವಾಗ ನಡುವೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲವಲ್ಲ, ಅದಕ್ಕೇ ಇದು.

ವಿಷಯ ವ್ಯಾನ್ ಆಂಟಿಯದು. ನಿನ್ನ ಎದುರು ಮನೆಯವರ ವಿಷಯ ನಿನಗೇ ಹೇಳುವುದೇನಿದೆ ಅನ್ನಬೇಡ. ಅವರ ಆಪರೇಷನ್ ಆದದ್ದು, ಆಮೇಲೆ ತೊಂದರೆಯಾಗಿ ಎರಡನೇ ಸಲ ಹೊಟ್ಟೆ ತೆರೆದದ್ದು ನಿನಗೆ ಗೊತ್ತು. ನೀನೇ ಒಗೆದ ಬಟ್ಟೆ ಚೀಲಕ್ಕೆ ತುಂಬಿಕೊಂಡು ಬಂದು ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತಿದ್ದವಳು. ಆದರೆ ಅದಕ್ಕೂ ಮುಂಚೆ ಆಸ್ಪತ್ರೆಯ ನನ್ನ ಕೋಣೆಯಲ್ಲಿ ನಡೆದ ಮಾತು ನಿನಗೆ ನನ್ನ ಕೈಯಿಂದಲೇ ತಲುಪಬೇಕು.

ನೀನು ಕಳಿಸಿದೆ ಅಂತ ಅವರು ಮೊದಲ ಸಲ ಬಂದಾಗ ನಾನು ಯಾವತ್ತಿನಂತೆ ಮೇಜಿನ ಹಿಂದೆ ಮೊದಲೇ ಕೂತಿದ್ದೆ. ಇದೂ ನಿನಗೆ ಗೊತ್ತಿರಲಿಕ್ಕಿಲ್ಲ. ತೂಕ ಇಳಿಸಿಕೊಳ್ಳಲು ಬರುವವರು ಒಳಗೆ ಕಾಲಿಡುವ ಮೊದಲೇ ನಾನು ಕುರ್ಚಿಯಲ್ಲಿರುತ್ತೇನೆ. ಅವರು ಎದ್ದು ಹೋಗುವವರೆಗೂ ಏಳುವುದಿಲ್ಲ. ಮೇಜು ದೊಡ್ಡದು, ಅದರ ಮೇಲೆ ಕಂಪ್ಯೂಟರ್ ಪರದೆ, ಜಠರದ ಒಂದು ಪ್ಲಾಸ್ಟಿಕ್ ಮಾದರಿ. ಇಷ್ಟರ ಹಿಂದೆ ನಾನು ಬರೀ ಒಂದು ಮುಖ ಮತ್ತು ಎರಡು ಕೈ.

ಆಂಟಿಯ ಕಷ್ಟ ನಿಜವಾದದ್ದೇ. ಸಕ್ಕರೆ ಕಾಯಿಲೆ, ಮಂಡಿನೋವು, ಶಾಲೆ ವ್ಯಾನು ಓಡಿಸುವಾಗ ಸ್ಟೇರಿಂಗ್ ಹೊಟ್ಟೆಗೆ ಒತ್ತಿಕೊಳ್ಳುತ್ತದೆ, ಸೀಟ್ ಬೆಲ್ಟ್ ಸುತ್ತಿ ಬರುವುದಿಲ್ಲ. ಶಾಲೆಯವರು ಬೆಲ್ಟ್ ಹಾಕದಿದ್ದರೆ ಮಕ್ಕಳನ್ನು ಕೂರಿಸಿಕೊಂಡು ಓಡಿಸುವ ಹಾಗಿಲ್ಲ ಅಂದಿದ್ದಾರಂತೆ. ನಾನು ಎಲ್ಲ ವಿವರಿಸಿದೆ. ಜಠರದ ಬಹುಪಾಲು ಕತ್ತರಿಸಿ ತೆಗೆಯುತ್ತೇವೆ, ಉಳಿದದ್ದನ್ನು ಉದ್ದಕ್ಕೂ ಸಣ್ಣ ಪಿನ್ನು ಹೊಡೆದು ಮುಚ್ಚುತ್ತೇವೆ, ಇದೆಲ್ಲ ರೋಬೋಟಿನ ಮೂಲಕ, ಆದರೆ ಅದು ತಾನಾಗಿ ಏನೂ ಮಾಡುವುದಿಲ್ಲ, ನಾನು ಕೋಣೆಯ ಮೂಲೆಯಲ್ಲಿ ಕೂತು ಅದರ ಕೈಗಳನ್ನು ಆಡಿಸುತ್ತೇನೆ ಅಂತ. ಅವರು ಗಂಭೀರವಾಗಿ, ಅದಕ್ಕೆ ಬ್ರೇಕ್ ಇದೆಯಾ ಅಂತ ಕೇಳಿದರು. ಇದೆ, ನನ್ನ ಕಾಲ ಕೆಳಗೇ ಇದೆ ಅಂದೆ. ಅಷ್ಟು ಸಾಕು ಅಂದುಬಿಟ್ಟರು. ಸೋರಿಕೆ, ರಕ್ತಸ್ರಾವದ ಅಪಾಯಗಳನ್ನೂ ಹೇಳಿದೆ. ಅದರಲ್ಲಿ ಒಂದಿಷ್ಟೂ ಮುಚ್ಚಿಡಲಿಲ್ಲ.

ಅಷ್ಟಾದ ಮೇಲೂ ಅವರಿಗೆ ಮನಸ್ಸು ಗಟ್ಟಿಯಾಗಲಿಲ್ಲ. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ, ಮೇಜು ಬಿಟ್ಟಷ್ಟನ್ನು ನೋಡಿದರು. ಕೊಂಕು ಇರಲಿಲ್ಲ, ಅಮ್ಮಾ. ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗ ನೀವು ಇದನ್ನೇ ಬಳಸ್ತೀರಾ ಅಂತ ಕೇಳುತ್ತೇವಲ್ಲ, ಆ ಧಾಟಿಯಲ್ಲಿ ಕೇಳಿದರು:

“ಇಷ್ಟು ಒಳ್ಳೇದು ಅಂತೀಯಲ್ಲ ಮಗಳೇ, ನೀನ್ಯಾಕೆ ಮಾಡಿಸ್ಕೊಂಡಿಲ್ಲ?”

ನಮ್ಮ ಡಯಟಿಷಿಯನ್ ಹುಡುಗಿ ಪಕ್ಕದಲ್ಲೇ ಕೂತಿದ್ದಳು. ಈ ಪ್ರಶ್ನೆ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಎಲ್ಲರ ಕಣ್ಣಲ್ಲೂ ಇರುತ್ತಿತ್ತು ಅಷ್ಟೆ. ಕೇಳಿದರೆ ಏನು ಹೇಳಬೇಕು ಅಂತ ನಾನು ಯೋಚಿಸಿಯೂ ಇರಲಿಲ್ಲ. ಆದರೂ ಉತ್ತರ ತಯಾರಾಗಿ ಕೂತಿದ್ದಂತೆ ಬಾಯಿಂದ ಬಂತು.

“ಮಾಡಿಸ್ಕೊಂಡಿದ್ದೀನಿ ಆಂಟಿ. ನೀವು ಈಗ ನೋಡ್ತಿರೋದು ಅರ್ಧ.”

ಡಾಕ್ಟರಾದ ಮೇಲೆ ನನ್ನನ್ನು ಅಪರೂಪಕ್ಕೆ ಕಂಡವರು, ನಂಬಿ ನಕ್ಕರು. ಮೇಜಿನ ಮೇಲಿಂದ ಕೈ ಚಾಚಿ ನನ್ನ ಕೈ ಹಿಡಿದರು. ಡಯಟಿಷಿಯನ್ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡತೊಡಗಿದಳು. ಮರುದಿನವೇ ಆಂಟಿ ಫೋನ್ ಮಾಡಿ ಆಪರೇಷನ್‌ಗೆ ಒಪ್ಪಿದರು.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಆಮೇಲೆ ಪರೀಕ್ಷೆಗಳಿಗೆ ಬಂದಾಗಲೆಲ್ಲ ಆಂಟಿ ಕಾಯುವ ಕೋಣೆಯಲ್ಲಿ ಉಳಿದವರಿಗೂ ಇದನ್ನು ಹೇಳಿದರು. ನಾನು ಕಾರಿಡಾರಿನಲ್ಲಿ ನಡೆದುಹೋದರೆ ಜನ ನನ್ನ ಸೊಂಟ ನೋಡುವುದು ಬಿಟ್ಟು ಮುಖ ನೋಡತೊಡಗಿದರು. ಪಾಪ, ಎಷ್ಟು ಕಷ್ಟಪಟ್ಟು ಇಳಿಸಿದ್ದಾಳೆ ಅನ್ನುವ ನೋಟ. ನನಗದು ಹಿತವಾಗಿತ್ತು. ಯಾರು ನೋಡಿದರೂ ಪರವಾಗಿಲ್ಲ ಅನ್ನುವಂತೆ ನಡೆದದ್ದು ನನ್ನ ಜೀವನದಲ್ಲಿ ಆ ಕೆಲವು ದಿನ ಮಾತ್ರ.

ನಿಜವಾದ ಉತ್ತರ ಏನು ಅಂತ ನಿನಗಾದರೂ ಹೇಳುತ್ತೇನೆ. ಎಲ್ಲಿ ಮಾಡಿಸಿಕೊಳ್ಳಲಿ? ಈ ಕೆಲಸ ಮಾಡುವವರೆಲ್ಲ ನನಗೆ ಪರಿಚಯ. ನನ್ನನ್ನು ಮೇಡಂ ಅನ್ನುವವರ ಮುಂದೆಯೇ ದೀಪದ ಕೆಳಗೆ ಎಚ್ಚರವಿಲ್ಲದೆ ಬಿದ್ದಿರಬೇಕು. ಎಚ್ಚರ ತಪ್ಪಿದವರನ್ನು ಮಂಚದಿಂದ ಟೇಬಲ್ಲಿಗೆ ಸರಿಸುವಾಗ ನಮ್ಮ ಸಿಬ್ಬಂದಿಯವನೊಬ್ಬ, ಇವತ್ತು ಕ್ರೇನ್ ತರಿಸಬೇಕಿತ್ತು ಅಂದದ್ದನ್ನು ನಾನು ಕೇಳಿದ್ದೇನೆ. ಕೇಳಿ ಗದರಿಸಲಿಲ್ಲ. ಮಾಸ್ಕಿನ ಹಿಂದೆ ನಕ್ಕೆ. ಆ ನಗು ನನಗಾಗಿ ಕಾದಿದೆ ಅಂತ ಹೆದರಿಕೊಂಡು ಕೂತೆ. ರೋಬೋಟಿನ ಮುಂದೆ ಕೂತು ಹಣೆ ಒತ್ತಿ ಒಳಗೆ ನೋಡಿದರೆ ನನ್ನ ದಪ್ಪ ಬೆರಳು ಅಲ್ಲಿ ಹಕ್ಕಿಯ ಕೊಕ್ಕಿನಷ್ಟು ಸಣ್ಣದಾಗಿರುತ್ತದೆ, ನಡುಗುವುದೂ ಇಲ್ಲ. ಅಲ್ಲಿ ಕೂತಿರುವಷ್ಟು ಹೊತ್ತು ನನಗೆ ಮೈಯೇ ಇರುವುದಿಲ್ಲ, ಅಮ್ಮಾ. ಬಟ್ಟೆ ಅಂಗಡಿಯಲ್ಲಿ ನೀನು ನನ್ನ ಅಳತೆ ಹೇಳುವಾಗ ದನಿ ತಗ್ಗಿಸುತ್ತಿದ್ದೆಯಲ್ಲ, ಅಂದಿನಿಂದ ನಾನು ಹುಡುಕುತ್ತಿದ್ದದ್ದು ಅಂಥದೊಂದು ಜಾಗವನ್ನೇ ಇರಬೇಕು. ದೂರು ಅಂತ ತಿಳಿಯಬೇಡ. ನನ್ನ ಮಾನ ಕಾಪಾಡಲೆಂದೇ ತಗ್ಗಿಸುತ್ತಿದ್ದೆ.

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಹೋದ ಮೇಲೆ ಆಂಟಿಗೆ ಚಳಿಜ್ವರ ಬಂದು, ನಾಡಿ ಓಡತೊಡಗಿ, ನೀನೇ ಆಂಬುಲೆನ್ಸ್ ಕರೆಸಿದೆ. ಪಿನ್ನಿನ ಸಾಲಿನಲ್ಲಿ ಮೇಲುಗಡೆ ಒಂದು ಕಡೆ ಸೋರಿ ಒಳಗೆಲ್ಲ ಕೀವಾಗಿತ್ತು. ಮತ್ತೆ ತೆರೆದು, ತೊಳೆದು, ಕೊಳವೆ ಇಟ್ಟೆವು. ಎಷ್ಟು ಜಾಗ್ರತೆ ಮಾಡಿದರೂ ಕೆಲವರಿಗೆ ಹೀಗಾಗುತ್ತದೆ. ಬೇರೆ ಇಬ್ಬರು ಸರ್ಜನ್‌ಗಳು ವಿಡಿಯೋ ಪೂರ್ತಿ ನೋಡಿ ನನ್ನ ಕೈ ಎಲ್ಲೂ ತಪ್ಪಿಲ್ಲ ಅಂದರು. ಕೈ ತಪ್ಪಿರಲಿಲ್ಲ. ತಪ್ಪಿದ್ದು ಬಾಯಿ.

ಐಸಿಯುನಲ್ಲಿ ಅವರಿಗೆ ಕೃತಕ ಉಸಿರಾಟದ ನಳಿಕೆ ತೆಗೆದ ದಿನ ನಾನು ಮಂಚದ ಪಕ್ಕ ನಿಂತಿದ್ದೆ. ಮೂಗಿನಲ್ಲೊಂದು, ಹೊಟ್ಟೆಯಲ್ಲೆರಡು ಕೊಳವೆ. ದನಿ ಗೊಗ್ಗರಾಗಿತ್ತು. ನನ್ನ ಕೋಟಿನ ತುದಿ ಹಿಡಿದು ಕೇಳಿದರು:

“ನಿನಗೂ ಹೀಗೇ ಆಗಿತ್ತಾ ಮಗಳೇ?”

ಸರಿಹೋಗುತ್ತೆ ಆಂಟಿ ಅಂದೆ. ಅದು ಉತ್ತರವಲ್ಲ. ಆದರೆ ಅವರು ಅದನ್ನೇ ಉತ್ತರ ಅಂದುಕೊಂಡರು. ನರ್ಸ್ ಆಮೇಲೆ ಹೇಳಿದಳು, ನೋವು ಹೆಚ್ಚಾದಾಗಲೆಲ್ಲ, ನಮ್ಮ ಹುಡುಗಿ ಇದನ್ನೆಲ್ಲ ತಡಕೊಂಡು ಹೇಗೆ ಓಡಾಡ್ತಿದ್ದಾಳೆ ನೋಡು ಅನ್ನುತ್ತಿದ್ದರಂತೆ. ನಾನು ಪಡದ ನೋವನ್ನು ಊರುಗೋಲು ಮಾಡಿಕೊಂಡು ಅವರು ನಿಂತಿದ್ದರು. ಅದನ್ನು ಆಗಲೇ ಕಿತ್ತುಕೊಂಡರೆ ಕುಸಿದಾರು ಅಂತ ಸುಮ್ಮನಿದ್ದೆ. ವೈದ್ಯಳಾಗಿ ಹಾಗೆ ನಿರ್ಧರಿಸಿದೆನೋ, ಹೇಡಿಯಾಗಿ ಮುಂದೂಡಿದೆನೋ, ಎರಡೂ ಇದ್ದವು.

ವಾರ್ಡಿಗೆ ಬಂದು, ಕೊಳವೆಗಳೆಲ್ಲ ಹೋಗಿ, ಚಮಚದಲ್ಲಿ ನೀರು ಕುಡಿಯುವಂತಾದ ಮೇಲೆ ಒಂದು ಬೆಳಿಗ್ಗೆ ಹೋದೆ. ಕಿಟಕಿ ಪಕ್ಕದ ಮಂಚ. ಕೆಳಗೆ ರಸ್ತೆಯಲ್ಲಿ ಒಂದು ಶಾಲೆಯ ವ್ಯಾನು ಹಿಂದಕ್ಕೆ ಹೋಗಲು ಒದ್ದಾಡುತ್ತಿತ್ತು, ಅದರ ಡ್ರೈವರನನ್ನು ಬೈಯುತ್ತಾ ಕೂತಿದ್ದರು. ನಾನು ಕುರ್ಚಿ ಎಳೆದುಕೊಳ್ಳಲಿಲ್ಲ. ಅವರ ಎದುರು ಪೂರ್ತಿ ನಿಂತೇ ಹೇಳಿದೆ: ನಾನು ಆ ಆಪರೇಷನ್ ಮಾಡಿಸಿಕೊಂಡಿಲ್ಲ, ಆವತ್ತು ಹೇಳಿದ್ದು ಸುಳ್ಳು, ನಾಚಿಕೆಯಿಂದ ಹೇಳಿದೆ ಅಂತ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಮಚ ಲೋಟದೊಳಗೆ ಇಟ್ಟರು. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

“ನಿಜ ಹೇಳಿದ್ರೂ ನಾನು ಮಾಡಿಸ್ಕೊಳ್ತಿದ್ನೋ ಏನೋ ಡಾಕ್ಟ್ರೇ. ಇನ್ನು ಅದು ನನಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ.”

ನಿಮಗೂ ಅಂದರು, ಅಮ್ಮಾ. ಲಂಗ ಹಾಕುವಾಗಿನಿಂದ ನೀನು ಅಂತ, ಮಗಳೇ ಅಂತ ಕರೆದವರು. ಎಷ್ಟು ಮರ್ಯಾದೆಯಿಂದ ದೂರ ಇಟ್ಟುಬಿಟ್ಟರು. ಉಳಿದ ಚಿಕಿತ್ಸೆಗೆ ಬೇರೆ ಡಾಕ್ಟರು ಸಿಗುತ್ತಾರಾ ಅಂತ ಕೇಳಿದರು. ಅದೇ ದಿನ ವ್ಯವಸ್ಥೆ ಮಾಡಿದೆ.

ಆಸ್ಪತ್ರೆಯ ಹಿರಿಯ ಡಾಕ್ಟರಿಗೂ ಹೇಳಿದೆ. ರೋಗಿ ದೂರು ಕೊಟ್ಟಿಲ್ಲವಲ್ಲ, ನೀನ್ಯಾಕೆ ಮೈಮೇಲೆ ಎಳೆದುಕೊಳ್ತೀಯ ಅಂದರು. ಸುಳ್ಳಿನ ಆಧಾರದ ಮೇಲೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಅಂತ ಕಲಿಸಿದವರು ನೀವೇ ಅಂದೆ. ಆಸ್ಪತ್ರೆಯ ವಿಚಾರಣಾ ಸಮಿತಿ ಸೇರುವವರೆಗೆ ನಾನು ಆಪರೇಷನ್ ಮಾಡುವ ಹಾಗಿಲ್ಲ, ಅದಕ್ಕೇ ಮನೆಯಲ್ಲಿದ್ದೇನೆ. ಮುಂದೇನಾಗುತ್ತದೋ ಗೊತ್ತಿಲ್ಲ. ಆಂಟಿಯಿಂದ ಈ ಸುಳ್ಳು ಕೇಳಿಸಿಕೊಂಡಿದ್ದ ಉಳಿದ ರೋಗಿಗಳಿಗೆ ನಾನೇ ಒಬ್ಬೊಬ್ಬರಿಗೆ ಫೋನ್ ಮಾಡಿ ನಿಜ ಹೇಳಿದೆ. ಒಬ್ಬರು ಆಪರೇಷನ್ ಬೇಡ ಅಂದರು. ಒಬ್ಬ ಹೆಂಗಸು, ನಿಮಗೂ ಭಯ ಇದೆಯಾ ಹಾಗಾದ್ರೆ ಅಂತ ಕೇಳಿ, ಅರ್ಧ ಗಂಟೆ ತಮ್ಮ ಭಯದ ಬಗ್ಗೆ ಮಾತಾಡಿದರು. ಯಾರೂ ಮೊದಲು ನನ್ನ ಹತ್ತಿರ ಹಾಗೆ ಮಾತಾಡಿರಲಿಲ್ಲ.

ಆಂಟಿ ಗುಣವಾಗುತ್ತಿದ್ದಾರೆ. ಸಕ್ಕರೆ ಆಗಲೇ ಹತೋಟಿಗೆ ಬಂದಿದೆ. ನಾನು ಸಂತೋಷಪಡಬೇಕಾದ ವಿಷಯ, ಪಡಲು ನಾಚಿಕೆಯಾಗುತ್ತದೆ. ಅವರಿಗೆ ಸದ್ಯ ಗಟ್ಟಿ ಪದಾರ್ಥ ಏನೂ ಕೊಡಬೇಡ, ಎಷ್ಟೇ ಪ್ರೀತಿಯಿದ್ದರೂ ಬೇಡ.

ಇಂತಿ ನಿನ್ನ ಮಗಳು,
ಪುಟ್ಟಿ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿಬಿಡೋಣ ಅಂದುಕೊಂಡಿದ್ದೆ. ವಾರ್ಡಿನಿಂದ ಹೊರಡುವಾಗ ಆಂಟಿ ಇನ್ನೊಂದು ಮಾತು ಹೇಳಿದರು. ಬರೀ ನನ್ನ ಮಾತು ನಂಬಿ ಅವರು ಒಪ್ಪಿದ್ದಲ್ಲವಂತೆ. ನನ್ನ ಕೋಣೆಗೆ ಬಂದ ದಿನ ಸಂಜೆ ನಿನ್ನ ಬಾಗಿಲು ತಟ್ಟಿ ಕೇಳಿದರಂತೆ. ನೀನು ಹೌದು, ಮಾಡಿಸಿಕೊಂಡಿದ್ದಾಳೆ ಅಂದೆಯಂತೆ. ಹೋದ ವರ್ಷ ನನ್ನ ಬೆನ್ನು ಹಿಡಿದುಕೊಂಡಾಗ ವಾರಗಟ್ಟಲೆ ನನ್ನ ಮನೆಯಲ್ಲಿದ್ದು ಸ್ನಾನ ಮಾಡಿಸಿದವಳು ನೀನು. ನನ್ನ ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲ ಅನ್ನುವುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೆತ್ತ ತಾಯಿಗೂ ಸುಳ್ಳು ಹೇಳಿದ್ರಾ ಅಂತ ಆಂಟಿ ನನ್ನನ್ನು ಕೇಳಿದರು. ನಿನ್ನನ್ನು ಬಿಟ್ಟುಕೊಡಲಾರದೆ ಹೌದು ಅಂದೆ. ನಿಜ ಹೇಳಲೆಂದು ಹೋದವಳು ಹೀಗೆ ಇನ್ನೊಂದು ಸುಳ್ಳು ಹೇಳಿ ಬಂದಿದ್ದೇನೆ. ಇದನ್ನು ನಾನೊಬ್ಬಳೇ ಸರಿಮಾಡಲು ಆಗುವುದಿಲ್ಲ. ಅವರನ್ನು ಬುಧವಾರ ಮನೆಗೆ ಕಳಿಸುತ್ತಾರೆ.