ನೆಲದ ಹಾವು ಬೀರು ಹತ್ತಿದ್ದು

ಮೂರನೇ ಮಹಡಿಯ ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಬೆಕ್ಕು ಪರಚಿದ ಕೈ ವಾಸಿಯಾಯಿತೇ? ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಮೊದಲು ತಮ್ಮ ಗಾಯಕ್ಕೆ ಔಷಧಿ ಹಚ್ಚಿಕೊಳ್ಳಬೇಕು ಎಂದು ನಿನಗೆ ಯಾರೂ ಕಲಿಸಿದ ಹಾಗಿಲ್ಲ. ಹೊಸ ಕೋಣೆಗೆ ಬಿಸಿಲು ಬರುತ್ತದೆ ಎಂದೆಯಲ್ಲ, ಕೇಳಿ ಸಂತೋಷವಾಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ಸೊಂಟ ಎಂದಿನಂತೆಯೇ ಇದೆ. ಪಿಯಾನೋ ಎತ್ತಿದ ದಿನ ಬೈಯುತ್ತದೆ, ಉಳಿದ ದಿನ ಗೊಣಗುತ್ತದೆ. ಮೇಲೆ 'ಮಗಳೇ' ಎಂದು ಬರೆದಿದ್ದಕ್ಕೆ ಮುಖ ಸಿಂಡರಿಸಬೇಡ. ಎದುರಿಗೆ ಕರೆಯಲು ನನಗೆ ಬಾಯಿ ಬರಲಿಲ್ಲ, ಕಾಗದದಲ್ಲಾದರೂ ಬರಲಿ. ನೀನೇನು ಕಡಿಮೆಯೇ? ನಾನು ನಿನ್ನ ಅಮ್ಮನನ್ನು ಮದುವೆಯಾಗಿ ಈ ಮನೆಗೆ ಬಂದಾಗ ನಿನಗೆ ಹದಿಮೂರು ವರ್ಷ. ಅಪ್ಪ ಎನ್ನಲು ಮನಸ್ಸಿಲ್ಲ, ಅಂಕಲ್ ಎಂದರೆ ಅಮ್ಮ ಬೈಯುತ್ತಾಳೆ, ಹಾಗಾಗಿ 'ಇವ್ರೇ' ಎಂದು ಕರೆಯಲು ಶುರು ಮಾಡಿದೆ. ಅಮ್ಮ ತೀರಿಹೋದ ಮೇಲೂ ನಾನು ನಿನಗೆ 'ಇವ್ರೇ'ಯೇ.

ಈಗ ಸುದ್ದಿಗೆ ಬರುತ್ತೇನೆ. ಗಾಬರಿಯಾಗಬೇಡ, ನಿನ್ನ ಹಾವು ಉಂಡೆ ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಸಾಲು ಹಾರಿಸಿ ಓದುತ್ತೀಯಾ. ಹೋದ ವಾರ ಅದು ಕಾಣೆಯಾಗಿತ್ತು. ಅದರ ಗಾಜಿನ ಪೆಟ್ಟಿಗೆಯ ಮುಚ್ಚಳಕ್ಕಿದ್ದ ಕ್ಲಿಪ್ ಮುರಿದಿತ್ತು. ನೆಲದ ಹಾವಲ್ಲವೇ, ಮುಚ್ಚಳದ ತನಕ ಏಕೆ ಹೋಗುತ್ತದೆ, ಪುರಸೊತ್ತಾದಾಗ ಸರಿ ಮಾಡಿದರಾಯಿತು ಎಂದುಕೊಂಡೆ. ಅದನ್ನು ತಂದ ದಿನ ನೀನೇ ಹೇಳಿದ್ದೆ, ನೆನಪಿದೆಯೇ? ನಾನು ಮೆಟ್ಟಿಲ ಹತ್ತಿರ ಬೆವರುತ್ತಾ ನಿಂತಿದ್ದೆ. ಹೆಬ್ಬಾವು ಎಂಬ ಮಾತು ಕಿವಿಗೆ ಬಿದ್ದರೆ ಯಾರಿಗೆ ತಾನೇ ಧೈರ್ಯ ಇರುತ್ತದೆ? "ಇವ್ರೇ, ಇದು ಪುಟ್ಟ ಜಾತಿ, ವಿಷ ಇಲ್ಲ, ಹೆದರಿದ್ರೆ ಉಂಡೆ ಆಗಿ ಕೂತ್ಕೊಳತ್ತೆ ಅಷ್ಟೇ. ನೆಲದ ಹಾವು, ಹತ್ತೋದೇ ಇಲ್ಲ" ಎಂದೆ. ಆ ಮಾತನ್ನು ನಂಬಿಯೇ ನಾನು ಮಂಚದ ಮೇಲೆ ನೆಮ್ಮದಿಯಾಗಿ ಮಲಗಲು ಕಲಿತದ್ದು.

ಆ ಮಾತೇ ನನ್ನನ್ನು ಕೆಡಿಸಿತು. ಮನೆಯಿಡೀ ನೆಲ ಹುಡುಕಿದೆ. ಸೋಫಾ ಎತ್ತಿದೆ, ಫ್ರಿಜ್ ಸರಿಸಿದೆ, ಒಗೆಯುವ ಯಂತ್ರದ ಹಿಂದೆ ತಲೆ ತೂರಿಸಿ ಕಿವಿ ತರಚಿಕೊಂಡೆ. ಊರವರ ಸಾಮಾನನ್ನೆಲ್ಲ ಮೆಟ್ಟಿಲು ಹತ್ತಿಸಿ ಇಳಿಸುವವನು ನನ್ನ ಮನೆಯಲ್ಲೇ ಮಂಡಿಯೂರಿ ಓಡಾಡಿದೆ. ಹಾವು ಹರಿದರೆ ಗುರುತು ಬೀಳಲಿ ಎಂದು ನೆಲಕ್ಕೆಲ್ಲ ಹಿಟ್ಟು ಚೆಲ್ಲಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಹಿಟ್ಟಿನ ಮೇಲೆ ನೀರು ಕುಡಿಯಲು ಹೋಗಿಬಂದ ನನ್ನ ಹೆಜ್ಜೆಗಳು ಮಾತ್ರ. ಅಡುಗೆಮನೆಯಿಂದ ಮಂಚಕ್ಕೆ, ಮಂಚದಿಂದ ಅಡುಗೆಮನೆಗೆ. ಈ ಮನೆಯಲ್ಲಿ ಬೇರೆ ಯಾರೂ ಓಡಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಹಾಗೆ ಕಣ್ಣಿಗೆ ಹೊಡೆದ ಹಾಗೆ ಕಂಡಾಗ, ಪೊರಕೆ ಹಿಡಿದು ಅಲ್ಲೇ ಕುಳಿತುಬಿಟ್ಟೆ.

ಹಾವಿನ ಮೇಲೆ ಇಷ್ಟು ಪ್ರೀತಿ ಯಾವಾಗ ಬಂತು ಎಂದು ನೀನು ನಗಬಹುದು. ನಿಜ ಹೇಳಲೇ? ಭಾನುವಾರ ನೀನು ಫೋನ್ ಮಾಡುವುದು ಉಂಡೆಯನ್ನು ವಿಚಾರಿಸಲು. "ಉಂಡೆ ತಿಂತಾ? ಪೊರೆ ಬಿಡ್ತಾ? ದೀಪ ಬೆಚ್ಚಗಿದೆಯಾ?" ನಾನು ತಿಂದೆನೋ ಬಿಟ್ಟೆನೋ ನೀನು ಕೇಳಿದವಳಲ್ಲ, ಪರವಾಗಿಲ್ಲ. ಫ್ರೀಜರಿನ ಇಲಿಯನ್ನು ಬಿಸಿನೀರಿನಲ್ಲಿ ಕರಗಿಸಿ ಚಿಮಟದಲ್ಲಿ ಹಿಡಿದು ನಿಲ್ಲುವಾಗ, ಭಾನುವಾರ ಇದನ್ನೆಲ್ಲ ಹೇಗೆ ಹೇಳಲಿ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತೇನೆ. ಹಾವೇ ಇಲ್ಲವಾದರೆ ನಮ್ಮಿಬ್ಬರ ನಡುವೆ ಮಾತಾಡಲು ಏನಿದೆ? ರಕ್ತಸಂಬಂಧವಂತೂ ಇಲ್ಲ. ಅಮ್ಮನ ಹೆಸರು ತೆಗೆದರೆ ಇಬ್ಬರೂ ಬೇಗ ಫೋನ್ ಇಟ್ಟುಬಿಡುತ್ತೇವೆ.

ಕೊನೆಗೆ ನಮ್ಮ ಲಾರಿ ಡ್ರೈವರನನ್ನು ಕರೆದೆ. ಉಳಿದದ್ದು ಅಮ್ಮನ ಬೀರು ಒಂದೇ; ಆ ತೇಗದ ಭಾರ ಒಬ್ಬನಿಂದ ಆಗುವುದಲ್ಲ. ಬೀರುವನ್ನು ಗೋಡೆಗೆ ಒತ್ತಿ ಇಡಬಾರದು, ನಾಲ್ಕು ಬೆರಳು ಜಾಗ ಬಿಡಬೇಕು, ಗಾಳಿಯಾಡಬೇಕು ಎನ್ನುವುದು ನಮ್ಮ ಕಸುಬಿನ ನಿಯಮ. ಈ ಮನೆಗೆ ನಿಮ್ಮ ಸಾಮಾನು ಹೊತ್ತು ತಂದ ದಿನವೂ ಹಾಗೆಯೇ ಇಟ್ಟಿದ್ದೆ. ಅಮ್ಮ ನನ್ನ ಜೊತೆ ಮೊದಲು ಮಾತಾಡಿದ್ದೇ ಆ ಸಂದಿಗಾಗಿ ಜಗಳ ತೆಗೆಯಲು. "ಕಸ ಯಾರು ಗುಡಿಸ್ತಾರೆ ಅಲ್ಲಿ, ನೀವು ಬರ್ತೀರಾ?" ಎಂದಳು. ಬಂದೆನಲ್ಲ. ಇರಲಿ. ನಾವಿಬ್ಬರೂ ಬೀರುವನ್ನು ಓರೆ ಮಾಡಿ ಎತ್ತಿದೆವು, ನಾನು ಬಗ್ಗಿ ಅಡಿಗೆ ನೋಡಿದೆ. ಏನೂ ಇಲ್ಲ. ಅಷ್ಟರಲ್ಲಿ ಡ್ರೈವರು ಸಣ್ಣ ದನಿಯಲ್ಲಿ, "ಅಣ್ಣಾ, ನನ್ನ ಕುತ್ತಿಗೆ ಮೇಲೆ ಏನೋ ತಣ್ಣಗಿದೆ" ಎಂದ. ಉಂಡೆ ಬೀರುವಿನ ನೆತ್ತಿಯಿಂದ ಇಳಿದು ಅವನ ಹೆಗಲ ಮೇಲೆ ಶಾಲಿನ ಹಾಗೆ ಬಿದ್ದಿತ್ತು. ಪಾಪ, ಅವನು ಕೈ ಬಿಟ್ಟರೆ ಬೀರು ನನ್ನ ಕಾಲ ಮೇಲೆ, ಬಿಡದಿದ್ದರೆ ಹಾವು ಅವನ ಕುತ್ತಿಗೆಗೆ. ಕಣ್ಣು ಮುಚ್ಚಿ ನಿಂತ, ಆದರೆ ಹಿಡಿತ ಸಡಿಲಿಸಲಿಲ್ಲ. ಆಮೇಲೆ ಒಂದು ಚೊಂಬು ನೀರು ಕುಡಿದು, ಇನ್ನು ಮೇಲೆ ನಿಮ್ಮ ಮನೆಗೆ ನನ್ನನ್ನು ಕರೆಯಬೇಡಿ ಎಂದು ಕೈ ಮುಗಿದು ಹೋದ.

ನೆಲದ ಹಾವಂತೆ! ಗೋಡೆಗೂ ಬೀರುವಿಗೂ ನಡುವೆ ನಾನು ಬಿಟ್ಟಿದ್ದ ಸಂದಿಯಲ್ಲಿ ಮೈ ಒತ್ತಿಕೊಂಡು ಹತ್ತಿದೆ. ಮೇಲೆ ಅಮ್ಮನ ಹಳೆಯ ಉಣ್ಣೆಯ ಸ್ವೆಟರಿನಲ್ಲಿ ಮಲಗಿದ್ದ ಗುರುತಿತ್ತು. ಇಲಿ ಕೊಳ್ಳಲು ಹೋಗುವ ಅಂಗಡಿಯಾಕೆಯನ್ನು ಕೇಳಿದೆ, ಇದೇನಮ್ಮಾ ಹೀಗೆ ಎಂದು. "ಹತ್ತೋಕೆ ಏನಾದ್ರೂ ಇದ್ರೆ ಹತ್ತುತ್ತೆ ಸರ್. ನಾವು ಏನೂ ಇಡಲ್ಲ, ಆಮೇಲೆ ನೆಲದ ಹಾವು ಅಂತೀವಿ" ಎಂದಳು. ಹೆಚ್ಚು ಹೊತ್ತು ನೆಲದಲ್ಲೇ ಅಡಗಿರುತ್ತದಂತೆ, ಆದರೆ ಮನಸ್ಸು ಬಂದಾಗ ಮೇಲೆ ಹೋಗುತ್ತದಂತೆ, ಎಳೆಯವು ಇನ್ನೂ ಜಾಸ್ತಿಯಂತೆ. ನಿನ್ನ ಆಸ್ಪತ್ರೆಯ ಡಾಕ್ಟರನ್ನೂ ಒಮ್ಮೆ ಕೇಳಿ ನೋಡು.

ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಕೆಲಸಕ್ಕೆ ರಜೆ ಹಾಕಿ ಪ್ಲೈವುಡ್ ತಂದು, ಗಾಜು ಕೊಯ್ಯಿಸಿ, ಹೊಸ ಪೆಟ್ಟಿಗೆ ಕಟ್ಟಿದೆ. ಪಾರ್ಕಿನಲ್ಲಿ ಕಡಿದು ಹಾಕಿದ್ದ ದಪ್ಪ ಕೊಂಬೆಯನ್ನು ತೊಳೆದು, ಒಣಗಿಸಿ, ಬಿಗಿಯಾಗಿ ಕೂರಿಸಿದ್ದೇನೆ. ಹಗಲೆಲ್ಲ ಉಂಡೆ ಕೆಳಗಿನ ಗೂಡಿನಲ್ಲೇ ಬಿದ್ದಿರುತ್ತದೆ, ಥೇಟ್ ಸೋಮಾರಿ. ಸಂಜೆ ಕೋಣೆ ಮಬ್ಬಾದ ಮೇಲೆ ಮೆಲ್ಲಗೆ ತಲೆ ಎತ್ತಿ, ಕೊಂಬೆಯನ್ನು ಮೂಸಿ, ಸುತ್ತಿಕೊಳ್ಳುತ್ತಾ ಹತ್ತುತ್ತದೆ. ಒಮ್ಮೊಮ್ಮೆ ಅರ್ಧಕ್ಕೆ ಬಂದು ಏನು ಮರೆತೆ ಎನ್ನುವ ಹಾಗೆ ನಿಂತುಬಿಡುತ್ತದೆ. ನಾನು ಕುರ್ಚಿ ಎಳೆದುಕೊಂಡು ನೋಡುತ್ತೇನೆ, "ಹೂಂ, ಇನ್ನೊಂದು ಸ್ವಲ್ಪ" ಎನ್ನುತ್ತೇನೆ. ಹಾವಿಗೆ ಕಿವಿ ಮಂದ ಎಂದು ನೀನೇ ಹೇಳಿದ್ದೀಯಾ. ಆದರೂ ಈ ಮನೆಯಲ್ಲಿ ನನ್ನ ದನಿ ನನಗೇ ಕೇಳಿಸಿ ಬಹಳ ಕಾಲವಾಗಿತ್ತು. ಪಕ್ಕದಲ್ಲಿ ನೀನೂ ಒಂದು ಕುರ್ಚಿ ಎಳೆದುಕೊಂಡು ಕುಳಿತಿದ್ದರೆ ಎಂದು ದಿನಾ ಅನ್ನಿಸುತ್ತದೆ.

ಉಂಡೆ ಕಾಣೆಯಾಗುವ ಮೊದಲು, ಹೋದ ಭಾನುವಾರ ನೀನು, ತಿಂಗಳ ಕೊನೆಯ ಶನಿವಾರ ಆಸ್ಪತ್ರೆಯ ವ್ಯಾನು ಕಳಿಸ್ತೀನಿ, ಜೊತೆ ಕೆಲಸದವರು ಯಾರಾದರೂ ಬಂದು ಉಂಡೆನ ಕರ್ಕೊಂಡು ಹೋಗ್ತಾರೆ, "ನಿಮಗ್ಯಾಕೆ ಸುಮ್ನೆ ತೊಂದರೆ" ಎಂದೆ. ಒಳ್ಳೆಯ ಮಾತೇ. ಆಗಲಿ ಎಂದೆ ನಾನೂ. ಫೋನ್ ಇಟ್ಟ ಮೇಲೆ 'ತೊಂದರೆ' ಎನ್ನುವ ಮಾತು ಮಾತ್ರ ಉಳಿಯಿತು, ಬಡಿಸಿಕೊಂಡ ಊಟವನ್ನು ಮುಚ್ಚಿಟ್ಟು ಮಲಗಿದೆ.

ನಿನ್ನ ಡಾಕ್ಟರರಿಗೆ ನನ್ನ ನಮಸ್ಕಾರ ತಿಳಿಸು. ರಸ್ತೆ ದಾಟುವಾಗ ಫೋನ್ ನೋಡಬೇಡ. ಅಮ್ಮ ಇದ್ದಿದ್ದರೆ ಹರಸುತ್ತಿದ್ದಷ್ಟನ್ನೂ ಸೇರಿಸಿ ಹರಸುತ್ತಿದ್ದೇನೆ, ಚೆನ್ನಾಗಿರು.

ಇಂತಿ,
ನಿನ್ನ 'ಇವ್ರೇ'

ಮರೆತೆ: ವ್ಯಾನು ಕಳಿಸಬೇಡ. ಹೊಸ ಪೆಟ್ಟಿಗೆ ಬಾಗಿಲಲ್ಲಿ ಹಿಡಿಸುವುದಿಲ್ಲ, ಓರೆ ಮಾಡಿದರೂ ಇಲ್ಲ. ಹಾವನ್ನು ಬಟ್ಟೆಚೀಲದಲ್ಲಿ ಒಯ್ಯಬಹುದು, ಅದು ನಿನ್ನದು, ನಾನು ಅಡ್ಡ ಬರುವುದಿಲ್ಲ. ಆದರೆ ಅದು ಹತ್ತುವುದನ್ನು ನೋಡಬೇಕೆಂದರೆ ನೀನೇ ಇಲ್ಲಿಗೆ ಬರಬೇಕು. ಒಂದು ದಿನದ ಮಟ್ಟಿಗೆ ಬಂದರೂ ಸಾಕು. ಡ್ರೈವರು ಬಾಗಿಲಾಚೆ ನಿಂತೇ ಇಣುಕಿ, "ಏನಣ್ಣಾ, ಇಡೀ ಜೀವಮಾನ ಬಾಗಿಲು ಅಳೆದವರು ನೀವು, ಅಳತೆ ತಪ್ಪಿಬಿಟ್ರಲ್ಲ!" ಎಂದು ನಕ್ಕ. ಹೌದಪ್ಪಾ, ವಯಸ್ಸಾಯಿತು ಎಂದೆ. ನಿನ್ನ ಹತ್ತಿರ ಸುಳ್ಳು ಹೇಳಲಾರೆ ಮಗಳೇ. ಅಳತೆ ತಪ್ಪಿಲ್ಲ.