ಎಡಿನ್‌ಬರೋದಿಂದ ವಿಯೆನ್ನಾಕ್ಕೆ ಎರಡೂವರೆ ಗಂಟೆ

ಪಿಯಾರಾ ವಾಟರ್ಸ್, ಪರ್ತ್
17 ನವೆಂಬರ್ 2018

ಪ್ರೀತಿಯ ಅಪರ್ಣಾ ಮರಿ,

ಕೆಮ್ಮು ಕಡಿಮೆಯಾಯಿತೇ? ಎಡಿನ್‌ಬರೋದ ಚಳಿಯಲ್ಲಿ ಕಿವಿ ಮುಚ್ಚಿಕೊಳ್ಳದೆ ತಿರುಗುತ್ತೀಯೆಂದು ಗೊತ್ತು. ಬೈಯಲು ಈ ಹಾಳೆ ಸಾಲದು. ಇಲ್ಲಿ ಆಗಲೇ ಬಿಸಿಲು ಏರಿದೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪ ನಿನ್ನೆ ಸಂಜೆ ಗಣಿಯಿಂದ ಬಂದರು, ಕಾಲುಚೀಲದ ತುಂಬ ಪಿಲ್ಬರಾದ ಕೆಂಪು ಮಣ್ಣು ತುಂಬಿಕೊಂಡು.

ಸಂಕೇತನಿಗೆ ವಿಯೆನ್ನಾದಲ್ಲಿ ಕೆಲಸ ಸಿಕ್ಕಿದೆ, ನಿನ್ನ ಪಿಎಚ್‌.ಡಿ. ಮುಗಿಯಲು ಇನ್ನೂ ಎರಡು ವರ್ಷ ಬೇಕು, ಆದ್ದರಿಂದ ಅವನನ್ನು ಮದುವೆಯಾಗುವ ಯೋಚನೆಯನ್ನೇ ಬಿಡುತ್ತೇನೆ ಎಂದೆಯಲ್ಲ ಮೊನ್ನೆ. "ಟೂ ಫಾರ್ ಅಮ್ಮಾ. ನಿನ್ ಥರ ಲೈಫ್ ನಂಗೆ ಬೇಡ" ಎಂದೂ ಅಂದೆ. ಫೋನಿಟ್ಟ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅಟ್ಲಾಸ್ ತೆಗೆದು ಕೂತೆ. ನಿಮ್ಮಿಬ್ಬರ ಊರುಗಳ ನಡುವೆ ಇರುವುದು ಸುಮಾರು ಸಾವಿರದ ಐನೂರು ಕಿಲೋಮೀಟರು, ನೇರ ವಿಮಾನವಾದರೆ ಎರಡೂವರೆ ಗಂಟೆ. ಅಡಿಲೇಡ್ ನಮಗೆ ಅದಕ್ಕಿಂತ ದೂರ ಕಣೇ. ಅಲ್ಲಿನ ಮಾಸನ್ ಲೇಕ್ಸ್‌ನಲ್ಲಿರುವ ನಿನ್ನ ಚಿಕ್ಕಮ್ಮನ ಮನೆಯ ಹಬ್ಬದೂಟಕ್ಕೆ ಹೋಗಿ ಬರುವಾಗ ದೂರವೆಂದು ಒಮ್ಮೆಯಾದರೂ ಗೊಣಗಿದ್ದೀಯಾ? ನಡುವೆ ನಾಲ್ಕಾರು ದೇಶಗಳ ಹೆಸರು ಬಂದ ಮಾತ್ರಕ್ಕೆ ದಾರಿ ಉದ್ದವಾಗುವುದಿಲ್ಲ. ನಿಮ್ಮಪ್ಪ ವಿಮಾನ ಹತ್ತಿ ವಾರಗಟ್ಟಲೆ ಗಣಿ ಕೆಲಸಕ್ಕೆ ಹೋಗುವುದೇ ಹೆಚ್ಚುಕಡಿಮೆ ಅಷ್ಟು ದೂರ.

ಇನ್ನು ನನ್ನ ಲೈಫು. ಅವರು ಮೊದಲ ಸಲ ಗಣಿಗೆ ಹೊರಟಾಗ ಅತ್ತಿದ್ದು ನಿಜ. ಅವರು ಹೋದ ದಿನ ಇವತ್ತಿಗೂ ನಾನು ಮನೆ ಗುಡಿಸುವುದಿಲ್ಲ. ಆದರೆ ನೀನು ನೋಡಿದ್ದು ಹೋಗುವುದನ್ನು ಮಾತ್ರ. ಅವರಿಲ್ಲದ ದಿನಗಳಲ್ಲಿ ನಾನು ಎಂ.ಎ. ಮುಗಿಸಿದೆ, ಮನಸ್ಸು ತುಂಬುವಷ್ಟು ಕವಿತೆ ಓದಿದೆ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವೆ ಉಸಿರಿಗೊಂದು ಜಾಗವಿರುತ್ತದಲ್ಲ, ನಮ್ಮ ಸಂಸಾರದಲ್ಲಿ ಅದು ಧಾರಾಳವಾಗಿತ್ತು. ಅವರು ಬರುವ ದಿನ ಈಗಲೂ ಒಳ್ಳೆಯ ಸೀರೆಯುಟ್ಟು ಏರ್‌ಪೋರ್ಟಿಗೆ ಹೋಗುತ್ತೇನೆ. "ಏನ್ರೀ ನಾಗವೇಣಿ, ಇವತ್ತೂ ಮದ್ವೆನಾ?" ಎಂದು ಪಕ್ಕದ ಮನೆಯ ರುಕ್ಮಿಣಿ ರೇಗಿಸುತ್ತಾರೆ. ಹೌದು ಅನ್ನುತ್ತೇನೆ. ಸಂಕೇತ ನಿನಗೆ ಬೇಡವಾಗಿದ್ದರೆ ಬೇಡ, ನಾವು ಬಲವಂತ ಮಾಡುವವರಲ್ಲ. ಆದರೆ ಕಾರಣ ಅವನಾಗಿರಲಿ, ನಕ್ಷೆಯಾಗದಿರಲಿ.

ಅಪ್ಪನ ಆಶೀರ್ವಾದ, ನನ್ನದೊಂದು ಮುತ್ತು. ಬಿಸಿನೀರು ಕುಡಿ.

ನಿನ್ನ ಅಮ್ಮ,
ನಾಗವೇಣಿ

ಮರೆತಿದ್ದೆ: ಅಂಚೆಯಲ್ಲಿ ಹಾಕಿದರೆ ತಡವಾಗುತ್ತದೆಂದು ಇದರ ಫೋಟೋ ತೆಗೆದು ಕಳಿಸುತ್ತಿದ್ದೇನೆ. ನಿನ್ನೆ ರಾತ್ರಿ ಸಂಕೇತ ನಿಮ್ಮಪ್ಪನಿಗೆ ಫೋನ್ ಮಾಡಿದ್ದ. "ಜಗಳ ಆದ್ರೆ ಫೋನಲ್ಲೇ ಮುಗಿಸ್ಬೇಕಾ ಅಂಕಲ್, ಇಲ್ಲಾ ಮನೆಗ್ ಹೋದ್ಮೇಲಾ?" ಎಂದು ಕೇಳಿದನಂತೆ. ಇವರು "ಮನೆಗ್ ಹೋದ್ಮೇಲೆ ಕಣಪ್ಪಾ, ಫೋನಲ್ಲಿ ಯಾವಾಗ್ಲೂ ಹೆಂಗಸ್ರೇ ಗೆಲ್ತಾರೆ" ಅಂದರು. ಬರುವ ಶುಕ್ರವಾರ ಸಂಜೆ ಅವನು ನಿನ್ನ ಊರಿಗೆ ಬಂದಿಳಿಯುತ್ತಾನೆ. ನಿನಗೆ ಹೇಳಬಾರದೆಂದು ಇಬ್ಬರೂ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ನೀನು ಬೇಡವೆನ್ನುವುದಿದ್ದರೂ ಊಟ ಹಾಕಿದ ಮೇಲೆ ಹೇಳು. ಬೇಕು ಅನ್ನುವುದಿದ್ದರೆ ಏರ್‌ಪೋರ್ಟಿನಲ್ಲೇ ಹೇಳಿಬಿಡು.