ಬಲೆಯ ಕಣ್ಣು

ಪೊನ್ನಾನಿ,
ಶನಿವಾರ

ಮಗಳೇ ಅನಘಾ,

ಓಣಂ ರಜೆಗೆ ಅಚ್ಛಮ್ಮನ ಮನೆಗೇ ಹೋದೆಯಂತೆ, ಒಳ್ಳೆಯದು. ನಿನ್ನಪ್ಪನ ತಾಯಿ, ಅವಳ ಮನೆಯಲ್ಲಿ ದೊಡ್ಡ ಕಂಪ್ಯೂಟರ್ ಇದೆ. ನನ್ನಲ್ಲಿರುವುದು ಮೀನಿನ ಬಲೆ.

ನಿನ್ನೆ ಅವಳು ಫೋನು ಮಾಡಿದ್ದಳು. "ಕಾರ್ತ್ಯಾಯನೀ, ಡಾಕ್ಟರಿ ಓದೋರ ಮೈಕ್ರೋಸ್ಕೋಪಿನ ಚಿತ್ರಗಳೆಲ್ಲ ಈಗ ಕಂಪ್ಯೂಟರಲ್ಲೇ ಬರುತ್ತೆ. ಮನುಷ್ಯರ ಮಾಂಸದ ಚೂರು, ಎಷ್ಟು ಬೇಕಾದ್ರೂ ದೊಡ್ಡದು ಮಾಡ್ಬಹುದು. ನಾನೂ ಅನಘಾನೂ ಒಟ್ಟಿಗೆ ಕೂತು ನೋಡ್ತೀವಿ. ನಾನೀಗ ಅರ್ಧ ಡಾಕ್ಟರು" ಅಂದಳು. ಮುಕ್ಕಾಲು ಗಂಟೆ ಇದೇ ಮಾತು. ನನ್ನ ಮತ್ತಿ ಮೀನಿನ ಸಾರು ಸೀದುಹೋಯಿತು.

ಆ ಅರ್ಧ ಡಾಕ್ಟರ ಮಾತು ಕೇಳಿಯೇ ಅಲ್ಲವೇ ನೀನು ಅಭ್ಯಾಸ ಪರೀಕ್ಷೆಯಲ್ಲಿ ಕೊಬ್ಬಿನ ಚಿತ್ರಕ್ಕೆ ಶ್ವಾಸಕೋಶ ಎಂದು ಬರೆದದ್ದು? ನಿನ್ನ ಅಮ್ಮ ಹೇಳಿದಳು. ಪಕ್ಕದ ಮನೆಯ ರಸಿಯಾಳ ಫೋನಿನಲ್ಲಿ ಎರಡೂ ಚಿತ್ರ ತೆಗೆಸಿ ನೋಡಿದೆ. ಎರಡರಲ್ಲೂ ಬರೀ ತೂತು, ನಿಜ. ಆದರೆ ಕೊಬ್ಬು ಹೊಸ ಬಲೆಯ ಹಾಗೆ, ಪ್ರತಿ ಕಣ್ಣಿಗೂ ಸುತ್ತ ನೂಲಿದೆ. ಶ್ವಾಸಕೋಶ ಏಡಿ ಕತ್ತರಿಸಿದ ಬಲೆ, ನೂಲು ಹರಿದು ಒಂದು ಕಣ್ಣು ಇನ್ನೊಂದಕ್ಕೆ ತೆರೆದುಕೊಂಡಿದೆ. ನಲವತ್ತು ವರ್ಷ ಹರಿದ ಬಲೆ ಸರಿಮಾಡಿದವಳಿಗೆ ಅದು ಒಂದೇ ನೋಟಕ್ಕೆ ತಿಳಿಯಿತು.

ನಿಜವಾದ ಪರೀಕ್ಷೆಗೆ ಇನ್ನು ಹತ್ತು ದಿನ. ಐದು ದಿನವಾದರೂ ಇಲ್ಲಿ ಬಂದು ಓದು. ರಸಿಯಾ ಫೋನು ಕೊಡುತ್ತೇನೆಂದಿದ್ದಾಳೆ. ಬರುವಾಗ, ಕಳೆದ ಸಲ ನಿನ್ನ ಕೈಯಲ್ಲಿ ಕೊಟ್ಟ ನನ್ನ ಹಳೆಯ ಕನ್ನಡಕ ಸರಿಮಾಡಿಸಿ ತಾ.

ಆ ಗುರುತು ಹೇಳಿಕೊಟ್ಟವರು ಯಾರೆಂದು ಅಚ್ಛಮ್ಮನಿಗೆ ನೀನೇ ಹೇಳು. ನಾನು ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾಳೆ.

ನಿನ್ನ ಅಮ್ಮನ ತಾಯಿ,
ಕಾರ್ತ್ಯಾಯನಿ